ಕಾಲೇಜಿನಲ್ಲಿ ಹೊಸ ಕೋರ್ಸ್: ಮಂಜೂರಾತಿ ಯಾರದು, ಹೇಗೆ?

ಪಿಯುಸಿ ಫಲಿತಾಂಶ ಬಂದ ವಾರಗಳಲ್ಲಿ ನಮ್ಮ ಚರ್ಚ್‌ಗಳ ನೋಟೀಸು ಬೋರ್ಡಿನಲ್ಲಿ ಕಾಲೇಜುಗಳ ಕರಪತ್ರಗಳು ತುಂಬಿಕೊಳ್ಳುತ್ತವೆ. ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಓದುವ ಪ್ರಕಟಣೆಗಳಲ್ಲೂ ಒಂದೆರಡು ಅವೇ ಇರುತ್ತವೆ. "ಈ ವರ್ಷದಿಂದ ಹೊಸ ಕೋರ್ಸ್ ಆರಂಭ" ಎಂಬ ಸಾಲು ದಪ್ಪ ಅಕ್ಷರದಲ್ಲಿರುತ್ತದೆ. ಫೀಸು ಎಷ್ಟು, ಹಾಸ್ಟೆಲ್ ಇದೆಯೇ, ಮುಂದೆ ಕೆಲಸ ಸಿಗುತ್ತದೆಯೇ ಎಂದು ಹೆತ್ತವರು ಕೇಳುತ್ತಾರೆ. ಈ ಕೋರ್ಸಿಗೆ ಒಪ್ಪಿಗೆ ಕೊಟ್ಟವರು ಯಾರು, ಯಾವ ಸಭೆಯಲ್ಲಿ ಕೊಟ್ಟರು, ಪಠ್ಯಕ್ರಮ ಬರೆದವರು ಯಾರು ಎಂದು ಕೇಳುವವರು ಬಹಳ ಕಡಿಮೆ.

ಇದನ್ನು ಕೇಳಬೇಕಾದ ಕಾರಣ ಸರಳವಾದುದು. ನಮ್ಮ ದೇಶದಲ್ಲಿ ಪದವಿ ನೀಡುವ ಅಧಿಕಾರ ಕಾಲೇಜಿಗೆ ಇಲ್ಲ. 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯ, ಅದೇ ಕಾಯ್ದೆಯ 3ನೇ ಸೆಕ್ಷನ್‌ನಡಿ ಮಾನ್ಯತೆ ಪಡೆದ ಡೀಮ್ಡ್ ವಿಶ್ವವಿದ್ಯಾನಿಲಯ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ಕೊಡಬಹುದು. ಪದವಿಯ ಹೆಸರನ್ನೂ ಮನಸ್ಸಿಗೆ ಬಂದಂತೆ ಇಡುವಂತಿಲ್ಲ. ಯುಜಿಸಿ 2014ರಲ್ಲಿ ಪ್ರಕಟಿಸಿದ ಪದವಿಗಳ ಪಟ್ಟಿಯಲ್ಲಿ ಹೆಸರು, ಅದರ ಸಂಕ್ಷಿಪ್ತ ರೂಪ, ಕನಿಷ್ಠ ಅವಧಿ, ಸೇರಲು ಬೇಕಾದ ಅರ್ಹತೆ ಎಲ್ಲವೂ ಇವೆ. ಆ ಪಟ್ಟಿಗೆ ಹೊಂದದ ಹೆಸರಿನ ಪದವಿ ಪಡೆದವರಿಗೆ ಸರಕಾರಿ ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ತೊಂದರೆ ಎದುರಾಗುತ್ತದೆ. ಅಷ್ಟರಲ್ಲಿ ಮೂರು ವರ್ಷ ಮತ್ತು ಅಷ್ಟೂ ಫೀಸು ಕಳೆದುಹೋಗಿರುತ್ತದೆ.

ಮೊದಲಿಗೆ ಒಂದು ಮಾತಿನ ಗೊಂದಲ. ನಾವು ಎಲ್ಲವನ್ನೂ "ಕೋರ್ಸ್" ಎನ್ನುತ್ತೇವೆ. ಬಿ.ಕಾಂ. ಕೂಡ ಕೋರ್ಸ್, ಬಿ.ಕಾಂ.ನ ಮೂರನೇ ಸೆಮಿಸ್ಟರಿನ ಒಂದು ಪತ್ರಿಕೆಯೂ ಕೋರ್ಸ್. ಮಂಜೂರಾತಿಯ ಲೆಕ್ಕದಲ್ಲಿ ಇವೆರಡೂ ಬೇರೆ. ಇರುವ ಪದವಿಯೊಳಗೆ ಒಂದು ಪತ್ರಿಕೆಯನ್ನು ಬದಲಿಸುವುದು ಒಂದು ದಾರಿ, ಹೊಸ ಪದವಿಯನ್ನೇ ತೆರೆಯುವುದು ಇನ್ನೊಂದು ದಾರಿ. ಎರಡನೆಯದು ಉದ್ದದ್ದು, ಖರ್ಚಿನದ್ದು.

ಕಾಲೇಜು ಯಾವ ಬಗೆಯದು?

1880ರಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಮತ್ತು 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಆರಂಭವಾದಾಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಲ್ಲಿಯ ವಿದ್ಯಾರ್ಥಿಗಳು ಏನು ಓದಬೇಕು ಎಂಬ ತೀರ್ಮಾನ ಮದ್ರಾಸ್ ವಿಶ್ವವಿದ್ಯಾನಿಲಯದ್ದಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕರಾವಳಿಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದವು. ಕೊಣಾಜೆಯಲ್ಲಿದ್ದ ಮೈಸೂರಿನ ಸ್ನಾತಕೋತ್ತರ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಪಠ್ಯಕ್ರಮ ನಿರ್ಧರಿಸುವ ಸಭೆ ಹೀಗೆ ಒಂದು ಶತಮಾನದಲ್ಲಿ ಮದ್ರಾಸಿನಿಂದ ಕೊಣಾಜೆಯ ಗುಡ್ಡಕ್ಕೆ ಬಂತು. ಸ್ವಾಯತ್ತತೆ ಪಡೆದ ಕಾಲೇಜುಗಳಲ್ಲಿ ಅದು ಕಾಲೇಜಿನ ಒಳಗೇ ಬಂದಿದೆ. ಅಲೋಶಿಯಸ್ ಕಾಲೇಜು 2007ರಲ್ಲಿ ಸ್ವಾಯತ್ತವಾಯಿತು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು.

ಆದ್ದರಿಂದ ಇಂದು ಕರಾವಳಿಯಲ್ಲಿ ಮೂರು ಬಗೆಯ ಕಾಲೇಜುಗಳಿವೆ. ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಸಾಮಾನ್ಯ ಕಾಲೇಜಿನಲ್ಲಿ ಪಠ್ಯಕ್ರಮ, ಪರೀಕ್ಷೆ, ಪದವಿ ಮೂರೂ ವಿಶ್ವವಿದ್ಯಾನಿಲಯದವು. ಸ್ವಾಯತ್ತ ಕಾಲೇಜಿನಲ್ಲಿ ಪಠ್ಯಕ್ರಮ ಮತ್ತು ಪರೀಕ್ಷೆ ಕಾಲೇಜಿನವು, ಪದವಿ ಮಾತ್ರ ವಿಶ್ವವಿದ್ಯಾನಿಲಯದ್ದು. ಆ ಪ್ರಮಾಣಪತ್ರದಲ್ಲಿ ಕಾಲೇಜಿನ ಹೆಸರೂ ಇರುತ್ತದೆ. ಡೀಮ್ಡ್ ವಿಶ್ವವಿದ್ಯಾನಿಲಯದಲ್ಲಿ ಮೂರೂ ಸಂಸ್ಥೆಯವೇ. ಯಾವುದೇ ಕೋರ್ಸಿನ ಮಂಜೂರಾತಿ ವಿಚಾರಿಸುವ ಮೊದಲು ಕಾಲೇಜು ಈ ಮೂರರಲ್ಲಿ ಯಾವುದು ಎಂದು ತಿಳಿದುಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಸಂಯೋಜಿತ ಕಾಲೇಜಿನ ದಾರಿ

ಹಳ್ಳಿಯ ಕಡೆಯ ನಮ್ಮ ಹೆಚ್ಚಿನ ಕಾಲೇಜುಗಳು ಈ ಬಗೆಯವು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆಯಡಿ ಹೊಸ ಪದವಿ ಬೇಕಾದ ಕಾಲೇಜು ವಿಶ್ವವಿದ್ಯಾನಿಲಯಕ್ಕೆ ನಿಗದಿತ ದಿನಾಂಕದೊಳಗೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಸ್ಥಳೀಯ ವಿಚಾರಣಾ ಸಮಿತಿ, ಅಂದರೆ ಎಲ್ಲರೂ ಎಲ್‌ಐಸಿ ಎಂದು ಕರೆಯುವ ಸಮಿತಿ, ಕಾಲೇಜಿಗೆ ಬಂದು ನೋಡುತ್ತದೆ. ಕೊಠಡಿಗಳು, ಗ್ರಂಥಾಲಯ, ಪ್ರಯೋಗಾಲಯ, ಉಪನ್ಯಾಸಕರ ಅರ್ಹತೆ, ಆಡಳಿತ ಮಂಡಳಿಯ ಹಣಕಾಸು ಇವೆಲ್ಲ ಅದರ ವರದಿಗೆ ಹೋಗುತ್ತವೆ. ಆ ವರದಿ ಶೈಕ್ಷಣಿಕ ಮಂಡಳಿ ಮತ್ತು ಸಿಂಡಿಕೇಟ್ ಮುಂದೆ ಬಂದು, ಸರಕಾರದ ಒಪ್ಪಿಗೆಯೊಂದಿಗೆ ಸಂಯೋಜನೆಯ ಆದೇಶವಾಗಿ ಹೊರಡುತ್ತದೆ. ಇಲ್ಲಿ ಪಠ್ಯಕ್ರಮದ ಬಗ್ಗೆ ಕಾಲೇಜಿಗೆ ಹೆಚ್ಚು ಮಾತಿಲ್ಲ, ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿ ಬರೆದಿಟ್ಟದ್ದನ್ನು ಕಲಿಸುವುದು ಅದರ ಕೆಲಸ. ಆ ಮಂಡಳಿಗೆ ನಮ್ಮ ಕಾಲೇಜಿನ ಉಪನ್ಯಾಸಕರೊಬ್ಬರು ಸದಸ್ಯರಾದರೆ ಅಷ್ಟರ ಮಟ್ಟಿಗೆ ಲಾಭ.

ಕಷ್ಟ ಬರುವುದು ದಿನಾಂಕಗಳಲ್ಲಿ. ಪ್ರವೇಶ ಮೇ ತಿಂಗಳಿಗೆ ಶುರುವಾಗುತ್ತದೆ, ಆದೇಶ ಕೆಲವೊಮ್ಮೆ ಅದರ ನಂತರ ಬರುತ್ತದೆ. ನಡುವಿನ ವಾರಗಳಲ್ಲಿ "ಅನುಮತಿಯ ನಿರೀಕ್ಷೆಯಲ್ಲಿ" ಎಂಬ ಸಣ್ಣ ಅಕ್ಷರದ ಸಾಲಿನೊಂದಿಗೆ ಸೀಟು ತುಂಬಿಸುವ ಆಸೆ ಯಾವ ಆಡಳಿತ ಮಂಡಳಿಗೂ ಬರಬಹುದು. ಆದೇಶ ಬಾರದಿದ್ದರೆ ಹುಡುಗನಿಗೆ ನೋಂದಣಿ ಸಂಖ್ಯೆ ಸಿಗುವುದಿಲ್ಲ, ಬೇರೆ ಕಾಲೇಜುಗಳಲ್ಲಿ ಅಷ್ಟರೊಳಗೆ ಪ್ರವೇಶ ಮುಗಿದಿರುತ್ತದೆ. 2021ರಿಂದ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶ ಮತ್ತು ಪರೀಕ್ಷೆಗೆ ಯುಯುಸಿಎಂಎಸ್ ಎಂಬ ತಂತ್ರಾಂಶ ಬಳಕೆಗೆ ಬಂದ ಮೇಲೆ, ಮಂಜೂರಾಗದ ಕೋರ್ಸಿಗೆ ಹೆಸರು ಸೇರಿಸುವುದು ಕಷ್ಟವಾಗಿದೆ. ಇದು ಒಳ್ಳೆಯದೇ.

ಸ್ವಾಯತ್ತ ಕಾಲೇಜಿನ ಒಳಗೆ

ಸ್ವಾಯತ್ತ ಕಾಲೇಜಿನಲ್ಲಿ ಮೂರು ಮೆಟ್ಟಿಲುಗಳಿವೆ: ವಿಭಾಗದ ಅಧ್ಯಯನ ಮಂಡಳಿ, ಪ್ರಾಂಶುಪಾಲರ ಅಧ್ಯಕ್ಷತೆಯ ಶೈಕ್ಷಣಿಕ ಮಂಡಳಿ, ಕೊನೆಗೆ ಆಡಳಿತ ಮಂಡಳಿ. ಯುಜಿಸಿಯ ನಿಯಮದಂತೆ ಇಂತಹ ಕಾಲೇಜು ಸರ್ಟಿಫಿಕೇಟ್ ಮತ್ತು ಡಿಪ್ಲೊಮಾ ಕೋರ್ಸುಗಳನ್ನು ವಿಶ್ವವಿದ್ಯಾನಿಲಯದ ಪೂರ್ವಾನುಮತಿ ಇಲ್ಲದೆ ತನ್ನದೇ ಮೊಹರಿನಲ್ಲಿ ನಡೆಸಬಹುದು. ಹೊಸ ಪದವಿಗೆ ತನ್ನ ಶೈಕ್ಷಣಿಕ ಮಂಡಳಿಯ ಒಪ್ಪಿಗೆ, ಅಗತ್ಯವಿದ್ದಲ್ಲಿ ಸಂಬಂಧಿಸಿದ ರಾಷ್ಟ್ರೀಯ ಪರಿಷತ್ತಿನ ಒಪ್ಪಿಗೆ ಪಡೆದು ವಿಶ್ವವಿದ್ಯಾನಿಲಯಕ್ಕೆ ತಿಳಿಸಬೇಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ನಮ್ಮ ಯಾವ ವಾಳೆಗೆ ಹೋದರೂ ಮಕ್ಕಳು ಗಲ್ಫಿನಲ್ಲೋ ಕೆನಡಾದಲ್ಲೋ ಇದ್ದು, ಮನೆಯಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಗಳಿವೆ. ಹಿರಿಯರ ಆರೈಕೆಗೆ ತರಬೇತಿ ಪಡೆದವರು ಬೇಕು ಎಂಬ ಬೇಡಿಕೆ ನಿಜವಾದುದು. ಸಮಾಜಕಾರ್ಯ ವಿಭಾಗವಿರುವ ಒಂದು ಸ್ವಾಯತ್ತ ಕಾಲೇಜು ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಲು ಹೊರಟಿದೆ ಎನ್ನಿ.

ಅಧ್ಯಯನ ಮಂಡಳಿಯ ಮೇಜಿನ ಮೇಲೆ ಬರುವ ಕಡತದಲ್ಲಿ ಕೋರ್ಸಿನ ಹೆಸರು, ಉದ್ದೇಶ, ಕಲಿತವರು ಏನು ಮಾಡಬಲ್ಲವರಾಗಬೇಕು ಎಂಬ ಪಟ್ಟಿ, ಘಟಕವಾರು ಪಾಠ, ಗಂಟೆಗಳು, ಪುಸ್ತಕಗಳು, ಪರೀಕ್ಷೆಯ ವಿಧಾನ ಇರುತ್ತವೆ. ಲೆಕ್ಕ ಕ್ರೆಡಿಟ್‌ಗಳಲ್ಲಿ. ಸಾಮಾನ್ಯವಾಗಿ ಸೆಮಿಸ್ಟರಿನ 15 ವಾರಗಳಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಒಂದು ಕ್ರೆಡಿಟ್, ಪ್ರಾಯೋಗಿಕವಾದರೆ ವಾರಕ್ಕೆ ಎರಡು ಗಂಟೆ ಒಂದು ಕ್ರೆಡಿಟ್. ನಾಲ್ಕು ಕ್ರೆಡಿಟಿನ ಪಾಠ ಎಂದರೆ 60 ಗಂಟೆ. ಹಿರಿಯರನ್ನು ಹಾಸಿಗೆಯಿಂದ ಎಬ್ಬಿಸಿ ಕುಳ್ಳಿರಿಸುವುದನ್ನು ಕರಿಹಲಗೆಯ ಮೇಲೆ ಕಲಿಸಲಾಗುವುದಿಲ್ಲ. ಆದ್ದರಿಂದ ಇಲ್ಲಿ ಪ್ರಾಯೋಗಿಕ ಗಂಟೆಗಳೇ ಹೆಚ್ಚು ಇರಬೇಕು. ಹಾಗಾದರೆ ಯಾವ ವೃದ್ಧಾಶ್ರಮದಲ್ಲಿ? ಅಲ್ಲಿ ಮೇಲ್ವಿಚಾರಣೆ ಯಾರದು? ಒಪ್ಪಂದ ಬರವಣಿಗೆಯಲ್ಲಿದೆಯೇ? ಒಳ್ಳೆಯ ಅಧ್ಯಯನ ಮಂಡಳಿ ಅರ್ಧ ದಿನವನ್ನು ಇಂತಹ ಪ್ರಶ್ನೆಗಳಿಗೇ ಕೊಡುತ್ತದೆ.

ನಂತರ ಹೆಸರಿನ ಪ್ರಶ್ನೆ. ಕರಪತ್ರ ಚೆನ್ನಾಗಿ ಕಾಣಲಿ ಎಂದು "ನರ್ಸಿಂಗ್" ಎಂಬ ಪದ ಸೇರಿಸಿದರೆ ಅಲ್ಲಿಗೆ ದಾರಿ ತಪ್ಪಿತು. ಶುಶ್ರೂಷೆ ನಿಯಂತ್ರಿತ ವೃತ್ತಿ. ಅದಕ್ಕೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಬೇಕು, ರಾಜ್ಯದಲ್ಲಿ ಅದರ ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ವ್ಯಾಪ್ತಿಯದು. ಆರು ತಿಂಗಳ ಸರ್ಟಿಫಿಕೇಟ್ ಪಡೆದ ಹುಡುಗಿ ತಾನು ನರ್ಸ್ ಎಂದುಕೊಂಡು ವಿದೇಶದ ಕೆಲಸಕ್ಕೆ ಅರ್ಜಿ ಹಾಕಿದರೆ ಅವಳಿಗೆ ಆಗುವ ಅವಮಾನಕ್ಕೆ ಆ ಸಭೆಯಲ್ಲಿ ಕುಳಿತು ಸಹಿ ಹಾಕಿದ ಎಲ್ಲರೂ ಹೊಣೆ. ಈ ಸರ್ಟಿಫಿಕೇಟ್ ಯಾವುದಕ್ಕೆ ಸಾಲದು ಎಂಬುದನ್ನು ಕೋರ್ಸಿನ ವಿವರಣೆಯಲ್ಲೇ ಒಂದು ಸಾಲಿನಲ್ಲಿ ಬರೆಯುವುದು ಮರ್ಯಾದೆ.

ಪುಸ್ತಕಪಟ್ಟಿಯನ್ನು ಯಾರೂ ಓದುವುದಿಲ್ಲ ಎಂಬ ನಂಬಿಕೆಯಿಂದಲೇ ಅನೇಕ ಪಟ್ಟಿಗಳು ತಯಾರಾಗುತ್ತವೆ. ಎಲ್ಲಿಯೂ ಸಿಗದ ಪುಸ್ತಕಗಳು, ಗ್ರಂಥಾಲಯದಲ್ಲಿ ಇಲ್ಲದವು, ಹಿಂದಿನ ಪಟ್ಟಿಯಿಂದ ಹಾಗೆಯೇ ಇಳಿದು ಬಂದವು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಓದಲು ಒಂದಾದರೂ ಕನ್ನಡ ಪುಸ್ತಕ ಇದೆಯೇ ಎಂದು ಹೊರಗಿನ ಸದಸ್ಯರೊಬ್ಬರು ಕೇಳಿದರೆ ಸಭೆಗೆ ಜೀವ ಬರುತ್ತದೆ.

ಆ ಹೊರಗಿನ ಸದಸ್ಯರು ಯಾರು? ಅಧ್ಯಯನ ಮಂಡಳಿಯಲ್ಲಿ ವಿಭಾಗದ ಮುಖ್ಯಸ್ಥರು ಮತ್ತು ಉಪನ್ಯಾಸಕರಲ್ಲದೆ ಹೊರಗಿನ ವಿಷಯತಜ್ಞರು, ಕುಲಪತಿಗಳು ನಾಮನಿರ್ದೇಶನ ಮಾಡಿದ ತಜ್ಞರು, ಉದ್ಯಮ ಅಥವಾ ಉದ್ಯೋಗ ಕ್ಷೇತ್ರದ ಪ್ರತಿನಿಧಿ, ಕಾಲೇಜಿನ ಹಳೆ ವಿದ್ಯಾರ್ಥಿಯೊಬ್ಬರು ಇರಬೇಕು. ಕೊನೆಯ ಈ ಎರಡು ಕುರ್ಚಿಗಳ ಬಗ್ಗೆ ನಮ್ಮ ಧರ್ಮಕೇಂದ್ರಗಳಲ್ಲಿ ತಿಳಿವಳಿಕೆ ಸಾಲದು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬಂದರಿನಲ್ಲಿ, ಐಟಿ ಕಂಪೆನಿಗಳಲ್ಲಿ ದುಡಿದ ಅನುಭವವುಳ್ಳ ಎಷ್ಟೋ ಮಂದಿ ನಮ್ಮ ಚರ್ಚ್ ಪಾಲನಾ ಸಮಿತಿಗಳಲ್ಲಿದ್ದಾರೆ. ಕಾಲೇಜು ಅವರನ್ನು ಕರೆದರೆ ಅದನ್ನು ಗೌರವದ ಶಾಲು ಎಂದು ಭಾವಿಸದೆ ಕಡತವನ್ನು ಮೊದಲೇ ತರಿಸಿ ಓದಿ ಹೋಗಬೇಕು. ಚಹಾ ಕುಡಿದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬರುವ ಸದಸ್ಯರಿಗಿಂತ ಖಾಲಿ ಕುರ್ಚಿಯೇ ವಾಸಿ, ಕನಿಷ್ಠ ಅದು ಎದ್ದು ಕಾಣುತ್ತದೆ.

ಮೇಲಿನ ಮೆಟ್ಟಿಲಾದ ಶೈಕ್ಷಣಿಕ ಮಂಡಳಿಯಲ್ಲಿ ಎಲ್ಲ ವಿಭಾಗಗಳ ಮುಖ್ಯಸ್ಥರು, ಹೊರಗಿನ ತಜ್ಞರು, ವಿಶ್ವವಿದ್ಯಾನಿಲಯದ ನಾಮನಿರ್ದೇಶಿತರು ಇರುತ್ತಾರೆ. ಪ್ರಸ್ತಾವವನ್ನು ಒಪ್ಪಬಹುದು, ತಿದ್ದಿ ಒಪ್ಪಬಹುದು, ಮರುಪರಿಶೀಲನೆಗೆ ವಾಪಸು ಕಳುಹಿಸಬಹುದು, ತಿರಸ್ಕರಿಸಲೂಬಹುದು. ಆದರೆ ವಾಪಸು ಕಳುಹಿಸುವಾಗ, ತಿರಸ್ಕರಿಸುವಾಗ ಕಾರಣ ಕೊಡಬೇಕು ಎಂದು ನಿಯಮವೇ ಹೇಳುತ್ತದೆ. ಒಂದೇ ದಿನ ಹತ್ತಾರು ವಿಭಾಗಗಳ ಪಠ್ಯಕ್ರಮ ಮಂಡನೆಯಾದರೆ ಯಾವುದಕ್ಕೂ ಕಾರಣ ಹೇಳುವಷ್ಟು ಸಮಯ ಉಳಿಯುವುದಿಲ್ಲ. ಮೊದಲು ಒಂದು ಸಣ್ಣ ಪರಿಶೀಲನಾ ಸಮಿತಿ ಕೂತು ಗಂಟೆ, ಕ್ರೆಡಿಟ್, ಒಂದೇ ಪಾಠ ಎರಡು ವಿಭಾಗಗಳಲ್ಲಿ ಬರುವುದು ಮುಂತಾದವನ್ನು ಸರಿಪಡಿಸಿ ಕೊಟ್ಟರೆ ದೊಡ್ಡ ಸಭೆ ದೊಡ್ಡ ಪ್ರಶ್ನೆಗಳನ್ನು ನೋಡಬಹುದು. ಹೊಸ ಕೋರ್ಸಿಗೆ ಹಣ, ಕೊಠಡಿ, ಹುದ್ದೆ ಕೊಡುವ ತೀರ್ಮಾನ ಆಡಳಿತ ಮಂಡಳಿಯದು.

ದೆಹಲಿಯ ಪರಿಷತ್ತುಗಳು

ಬಿ.ಎಡ್.ಗೆ ಎನ್‌ಸಿಟಿಇ, ವಿಶೇಷ ಶಿಕ್ಷಣಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಇಂಜಿನಿಯರಿಂಗ್ ಮತ್ತು ಎಂಬಿಎಗೆ ಎಐಸಿಟಿಇ ಎಂಬುದು ಹಳೆಯ ಸಂಗತಿ. 2024-25ರಿಂದ ಬಿಬಿಎ ಮತ್ತು ಬಿಸಿಎ ಕೂಡ ಎಐಸಿಟಿಇ ವ್ಯಾಪ್ತಿಗೆ ಬಂದವು. ಅಲ್ಲಿಯವರೆಗೆ ವಿಶ್ವವಿದ್ಯಾನಿಲಯದ ಆದೇಶ ಸಾಕಿದ್ದ ಸಣ್ಣ ಕಾಲೇಜುಗಳೂ ಎಐಸಿಟಿಇಗೆ ಅರ್ಜಿ ಹಾಕಬೇಕಾಯಿತು. ಕರಾವಳಿಯಲ್ಲಿ ಬಿಸಿಎ ಇಲ್ಲದ ಕಾಲೇಜು ಹುಡುಕುವುದೇ ಕಷ್ಟ, ಹಾಗಾಗಿ ಇದು ಬಹಳ ಮನೆಗಳಿಗೆ ಸಂಬಂಧಿಸಿದ ವಿಷಯ.

ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ಈ ಎಲ್ಲ ಒಪ್ಪಿಗೆ ನಮಗೇಕೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಸಂವಿಧಾನದ 30ನೇ ವಿಧಿ ಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ, ನಿಜ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಆಡಳಿತದಲ್ಲಿ ಕೈಹಾಕುವ ಕಾನೂನಿನಿಂದ ಅಲ್ಪಸಂಖ್ಯಾತ ಕಾಲೇಜನ್ನು ರಕ್ಷಿಸಿತು. ಅದೇ ತೀರ್ಪಿನಲ್ಲಿ ಶಿಕ್ಷಣದ ಗುಣಮಟ್ಟ, ಪಠ್ಯಕ್ರಮ, ಶಿಕ್ಷಕರ ಅರ್ಹತೆಯ ನಿಯಮಗಳು ಈ ಹಕ್ಕಿಗೆ ಧಕ್ಕೆಯಲ್ಲ ಎಂದೂ ಒಪ್ಪಿತು. ನಮ್ಮ ಪಕ್ಕದ ಮಣಿಪಾಲದಿಂದ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪೂ ಈ ವಿಚಾರದಲ್ಲಿ ಬೇರೆ ಮಾತು ಹೇಳಲಿಲ್ಲ. ಪ್ರಾಂಶುಪಾಲರನ್ನು ಆರಿಸುವುದು ನಮ್ಮ ಹಕ್ಕು, ಅಂಗೀಕಾರವಿಲ್ಲದ ಪದವಿ ಕೊಡುವುದು ಹಕ್ಕಲ್ಲ.

ಇರುವ ಕೋರ್ಸಿನ ಪರಿಷ್ಕರಣೆ

ಹೊಸ ಕೋರ್ಸ್ ಸುದ್ದಿಯಾಗುತ್ತದೆ, ಪರಿಷ್ಕರಣೆ ಸುದ್ದಿಯಾಗುವುದಿಲ್ಲ. ಆದರೆ ಹೆಚ್ಚು ವಿದ್ಯಾರ್ಥಿಗಳ ಬದುಕಿಗೆ ತಾಗುವುದು ಎರಡನೆಯದೇ. 2021ರ ಆಗಸ್ಟ್‌ನಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಮಟ್ಟದಲ್ಲಿ ಜಾರಿಗೆ ತಂದು ಅದೇ ವರ್ಷದ ಪ್ರವೇಶಕ್ಕೆ ಅನ್ವಯಿಸಿತು. ಪದವಿಯ ಚೌಕಟ್ಟೇ ಬದಲಾಯಿತು, ನಾಲ್ಕನೇ ವರ್ಷದ ಆನರ್ಸ್ ಬಂತು. ಮೂರು ವರ್ಷ ಕಳೆಯುವುದರೊಳಗೆ, 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಸರಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎಲ್ಲ ವಿಷಯಗಳ ಅಧ್ಯಯನ ಮಂಡಳಿಗಳು ಎರಡೆರಡು ಬಾರಿ ಕೂತು ಪಠ್ಯಕ್ರಮ ಬರೆದವು, ಎರಡೂ ಬಾರಿ ತರಗತಿ ಆರಂಭಕ್ಕೆ ಕೆಲವೇ ವಾರಗಳಿದ್ದಾಗ. ನೀತಿ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಆದರೆ ಹೀಗೆ ಅವಸರದಲ್ಲಿ ಬರೆದ ಪಠ್ಯಕ್ರಮದಲ್ಲಿ ಯೋಚನೆಗಿಂತ ಕತ್ತರಿ ಅಂಟಿನ ಕೆಲಸವೇ ಹೆಚ್ಚಾಗುತ್ತದೆ.

2021, 2022 ಮತ್ತು 2023ರಲ್ಲಿ ಸೇರಿದವರು ಹಳೆಯ ಚೌಕಟ್ಟಿನಲ್ಲೇ ಮುಂದುವರಿದರು. ಅವರಲ್ಲಿ ಒಂದು ಪತ್ರಿಕೆಯಲ್ಲಿ ಅನುತ್ತೀರ್ಣನಾದವನಿಗೆ ಹಳೆಯ ಪಠ್ಯಕ್ರಮದಂತೆಯೇ ಪರೀಕ್ಷೆ ನಡೆಯಬೇಕು, ಆದರೆ ಆ ಪಾಠವನ್ನು ಈಗ ಯಾರೂ ಕಲಿಸುತ್ತಿರುವುದಿಲ್ಲ. ಪರಿಷ್ಕರಣೆಗೆ ಒಪ್ಪಿಗೆ ಕೊಡುವ ಸಭೆ ಹಳೆಯ ಪತ್ರಿಕೆಯ ಪರೀಕ್ಷೆ ಎಷ್ಟು ಬಾರಿ ನಡೆಯುತ್ತದೆ, ಸಮಾನವಾದ ಹೊಸ ಪತ್ರಿಕೆ ಯಾವುದು ಎಂಬುದನ್ನೂ ಅದೇ ದಿನ ನಿರ್ಧರಿಸಬೇಕು. ಅದು ಬಿಟ್ಟುಹೋದರೆ ನಷ್ಟ ಅನುಭವಿಸುವವರು ಹೆಚ್ಚಾಗಿ ಓದುತ್ತಲೇ ದುಡಿಯುವ ಬಡ ಮನೆಯ ಮಕ್ಕಳು.

ಗಂಟೆಗಳ ಬದಲಾವಣೆ ಉಪನ್ಯಾಸಕರಿಗೂ ತಾಗುತ್ತದೆ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಒಂದು ಭಾಷೆಯ ಅಥವಾ ಇತಿಹಾಸದಂತಹ ವಿಷಯದ ಗಂಟೆ ಕಡಿಮೆಯಾದರೆ ಮೊದಲು ಕೆಲಸ ಹೋಗುವುದು ಆಡಳಿತ ಮಂಡಳಿಯ ವೇತನದಲ್ಲಿರುವ ಅತಿಥಿ ಉಪನ್ಯಾಸಕರದು. ಹಾಗೆಂದು ಹುದ್ದೆ ಉಳಿಸಲಿಕ್ಕಾಗಿ ಮಕ್ಕಳಿಗೆ ಬೇಡದ ಪಾಠ ಇಡುವುದೂ ನ್ಯಾಯವಲ್ಲ. ಎರಡನ್ನೂ ಸಭೆಯಲ್ಲಿ ಬಾಯಿಬಿಟ್ಟು ಮಾತಾಡಬೇಕು. ಸಾಮಾನ್ಯವಾಗಿ ಯಾರೂ ಮಾತಾಡುವುದಿಲ್ಲ.

ಇನ್ನೊಂದು ಒತ್ತಡ ನ್ಯಾಕ್‌ನದು. ಮೌಲ್ಯಮಾಪನದ ಮೊದಲ ಮಾನದಂಡವೇ ಪಠ್ಯಕ್ರಮ. ಎಷ್ಟು ಕೋರ್ಸುಗಳು ಪರಿಷ್ಕೃತವಾದವು ಎಂಬ ಅಂಕಿಗಾಗಿ ಘಟಕಗಳ ಕ್ರಮ ಹಿಂದುಮುಂದು ಮಾಡಿ "ಪರಿಷ್ಕರಣೆ" ಎಂದು ಬರೆಯುವ ಅಭ್ಯಾಸ ಅಲ್ಲಲ್ಲಿ ಬೆಳೆದಿದೆ. ಏನು ತೆಗೆದಿರಿ, ಏನು ಸೇರಿಸಿದಿರಿ, ಯಾಕೆ ಎಂಬ ಮೂರು ಕಲಂಗಳ ಒಂದು ಹಾಳೆ ಕೇಳಿದರೆ ಇದು ತಕ್ಷಣ ಬಯಲಾಗುತ್ತದೆ.

ಹೆತ್ತವರು ಕೇಳಬೇಕಾದುದು

ಪ್ರವೇಶದ ದಿನ ಕಚೇರಿಯಲ್ಲಿ ಕೇಳಲು ಸಂಕೋಚ ಬೇಡ. ಪದವಿ ಯಾವ ವಿಶ್ವವಿದ್ಯಾನಿಲಯದ್ದು? ಈ ವರ್ಷದ ಸಂಯೋಜನೆ ಅಥವಾ ಮಂಜೂರಾತಿ ಆದೇಶದ ಪ್ರತಿ ತೋರಿಸುವಿರಾ? ಬಿಬಿಎ, ಬಿಸಿಎ ಆದರೆ ಎಐಸಿಟಿಇ ಪತ್ರ ಎಲ್ಲಿ? ಸರ್ಟಿಫಿಕೇಟ್ ಆದರೆ ಅದರ ಮೇಲೆ ಯಾರ ಮೊಹರು? ಆದೇಶ ಇನ್ನೂ ಬಂದಿಲ್ಲ ಎಂದಾದರೆ ಬಾರದಿದ್ದಲ್ಲಿ ಫೀಸು ವಾಪಸು ಕೊಡುವ ಮಾತನ್ನು ಬರೆಸಿಕೊಳ್ಳಿ. ಧರ್ಮಗುರುಗಳು ಮತ್ತು ಧರ್ಮಭಗಿನಿಯರು ನಡೆಸುವ ಕಾಲೇಜು ಎಂಬ ನಂಬಿಕೆ ಒಳ್ಳೆಯದು, ಆದೇಶದ ಪ್ರತಿ ಕೇಳುವುದು ಆ ನಂಬಿಕೆಗೆ ಅಗೌರವವಲ್ಲ. ಇಂತಹ ಪ್ರತಿಯನ್ನು ಕೇಳುವ ಮೊದಲೇ ಗೋಡೆಗೆ ಹಚ್ಚುವ ಕಾಲೇಜುಗಳೂ ಇವೆ. ಪ್ರವೇಶದ ದಿನಗಳಲ್ಲಿ ಐಸಿವೈಎಂ ಘಟಕಗಳು, ಕಥೊಲಿಕ್ ಸಭಾ ಘಟಕಗಳು ಹಳ್ಳಿಯ ಹೆತ್ತವರ ಜತೆ ಕಚೇರಿಗೆ ಹೋಗಿ ಬಂದರೆ ದೊಡ್ಡ ಉಪಕಾರ.

ಸೇರಿದ ಮೇಲೆ ಇನ್ನೊಂದು ಕೆಲಸವಿದೆ. ಮುಂದೆ ವಿದೇಶದಲ್ಲಿ ಓದಲು ಅಥವಾ ಕೆಲಸಕ್ಕೆ ಹೋಗುವವರಿಗೆ ಅಂಕಪಟ್ಟಿಯ ಜತೆಗೆ ಅಂದು ಓದಿದ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನೂ ಕೇಳುವುದುಂಟು. ಹತ್ತು ವರ್ಷದ ಬಳಿಕ, ಎರಡು ನೀತಿ ಬದಲಾದ ಮೇಲೆ, ಆ ಪ್ರತಿ ಹುಡುಕಲು ಕಾಲೇಜಿಗೂ ಕೊಣಾಜೆಗೂ ಅಲೆಯಬೇಕಾಗುತ್ತದೆ. ಸೇರಿದ ವರ್ಷದ ಮಂಜೂರಾದ ಪಠ್ಯಕ್ರಮವನ್ನು ಎಲ್ಲ ಸೆಮಿಸ್ಟರುಗಳಿಗೂ ಪಡೆದು, ಸಾಧ್ಯವಾದರೆ ಪ್ರಾಂಶುಪಾಲರ ಮೊಹರು ಹಾಕಿಸಿ, ಅಂಕಪಟ್ಟಿಗಳ ಫೈಲಿನಲ್ಲೇ ಇಟ್ಟುಕೊಳ್ಳಿ.